ದಪ್ಪ ವೈರಿಗೆ ಬೆಸುಗೆ ಹಿಡಿಯದಿದ್ದಾಗ ನಾನು ಮಾಡಿದ್ದು

ಇ-ಸೈಕಲ್ ಬ್ಯಾಟರಿಗೆ ಎಕ್ಸ್‌ಟಿ90 ಕನೆಕ್ಟರ್, ಅಂದರೆ ಹೆಚ್ಚು ಕರೆಂಟ್ ತಡೆಯುವ ಪ್ಲಗ್ಗು, ಹಾಕಬೇಕಿತ್ತು. ವೈರು 10 ಗೇಜಿನದು, ದಪ್ಪನೆಯದು. ಮನೆಯಲ್ಲಿದ್ದ 25 ವಾಟ್ ಬೆಸುಗೆ ಐರನ್ ಹಿಡಿದರೆ ಬೆಸುಗೆ ಕರಗುತ್ತಿತ್ತು, ಆದರೆ ತಾಮ್ರದ ಎಳೆಗಳೊಳಗೆ ಇಳಿಯದೆ ಮೇಲೆ ಸುಮ್ನೆ ಉಂಡೆಯಾಗಿ ಕೂರುತ್ತಿತ್ತು.

60/40 ಬೆಸುಗೆ (60 ಪಾಲು ತವರ, 40 ಪಾಲು ಸೀಸ) 190 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಪೂರ್ತಿ ಕರಗುತ್ತದೆ, ಸಣ್ಣ ಐರನ್ನಿನ ತುದಿ ಅದಕ್ಕಿಂತ ಜಾಸ್ತಿಯೇ ಬಿಸಿ ಇರುತ್ತದೆ, ಅಲ್ವಾ? ತೊಂದರೆ ಇರುವುದು ಬೇರೆ ಕಡೆ. ದಪ್ಪ ತಾಮ್ರವೂ ಕನೆಕ್ಟರಿನ ಲೋಹವೂ ಆ ಶಾಖವನ್ನು ಎಳೆದುಕೊಂಡುಬಿಡುತ್ತವೆ, ಚೂಪು ತುದಿಯಿಂದ ಅಷ್ಟು ಬೇಗ ಮತ್ತೆ ಶಾಖ ಬರುವುದಿಲ್ಲ.

ಹಾಗಾಗಿ 100 ವಾಟ್ ಐರನ್ ಮತ್ತು ಅಗಲವಾದ ಉಳಿ ಆಕಾರದ ತುದಿ ತಂದೆ. ವಾಟ್‌ನಷ್ಟೇ ಆ ತುದಿಯೂ ಮುಖ್ಯ. ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಜೋಡಣೆ ಮುಚ್ಚುವ ಕೊಳವೆ) ಮೊದಲೇ ವೈರಿಗೆ ತೂರಿಸಿ ದೂರ ಸರಿಸಿದೆ. ವೈರಿಗೂ ಕನೆಕ್ಟರಿನ ಗುಳಿಗೂ ಬೆಸುಗೆ ಚೆನ್ನಾಗಿ ಹಿಡಿಯಲು ರೋಸಿನ್ ಫ್ಲಕ್ಸ್ ಹಚ್ಚಿ, ಬೇರೆ ಬೇರೆಯಾಗಿ ಬೆಸುಗೆ ಬಳಿದು, ಆಮೇಲೆ ಕೂಡಿಸಿದೆ. ಕೆಲವೇ ಸೆಕೆಂಡಿನಲ್ಲಿ ಬೆಸುಗೆ ನೀರಿನಂತೆ ಒಳಗಿಳಿಯಿತು, ಎಷ್ಟು ಖುಷಿಯಾಯಿತು ಗೊತ್ತಾ!

ಇನ್ನೊಂದು ಮಾತು. ಬೆಸೆಯುವಾಗ ಜೋಡಿ ಕನೆಕ್ಟರನ್ನು, ಯಾವ ವೈರೂ ಇಲ್ಲದ್ದನ್ನು, ಎದುರಿಗೆ ಸಿಕ್ಕಿಸಿರಿ; ಇಲ್ಲದಿದ್ದರೆ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ಓರೆಯಾಗುತ್ತದೆ. ಬ್ಯಾಟರಿಯ ಎರಡು ವೈರುಗಳ ತುದಿಯನ್ನು ಒಟ್ಟಿಗೆ ಸುಲಿಯಲೇಬೇಡಿ, ಒಂದಕ್ಕೊಂದು ತಾಗಿದರೆ ಶಾರ್ಟ್ ಆಗುತ್ತದೆ. ಇನ್ವರ್ಟರಿನ 25 ಚದರ ಮಿಮೀ ಕೇಬಲ್‌ಗಾದರೆ ನಾನು ಐರನ್ ಮುಟ್ಟುವುದೇ ಇಲ್ಲ, ತುದಿಗೆ ಲಗ್ (ಲೋಹದ ಟರ್ಮಿನಲ್) ಹಾಕಿ ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸುತ್ತೇನೆ.