ದ್ರಾಕ್ಷಿ ಬಿಟ್ಟೆ, ಚಕ್ಕೋತ ತಿಂದೆ

ನಮ್ಮ ಮನೆಯಲ್ಲೊಂದು ತಾಮ್ರದ ಚೊಂಬಿದೆ. ಮುಕ್ಕಾಲು ಲೀಟರ್ ಹಿಡಿಯುತ್ತದೆ. ಎರಡೂವರೆ ವರ್ಷ ಅದೇ ನನ್ನ ಇಡೀ ದಿನದ ನೀರು. ಕಾಫಿ, ಮಜ್ಜಿಗೆ, ತಿಳಿಸಾರು, ಮಾತ್ರೆ ನುಂಗುವ ಗುಟುಕು, ಎಲ್ಲ ಅದರೊಳಗೇ. ಬೆಳಿಗ್ಗೆ ಚೊಂಬು ತುಂಬಿಸಿಡುತ್ತಿದ್ದೆ. ಒಂದು ಲೋಟ ಕಾಫಿ ಕುಡಿದರೆ ಅಷ್ಟೇ ನೀರನ್ನು ಚೊಂಬಿನಿಂದ ತುಳಸಿ ಗಿಡಕ್ಕೆ ಸುರಿಯುತ್ತಿದ್ದೆ. ಉಳಿದಿದ್ದು ನನ್ನದು. ಡೈರಿಯಲ್ಲಿ ಬರೆದಿಡುವುದಕ್ಕಿಂತ ಈ ಲೆಕ್ಕ ನನಗೆ ಹೊಂದಿತು.

ಕಿಡ್ನಿ ಕೆಟ್ಟಾಗ ನನಗೆ 34 ವರ್ಷ. ಬಿಪಿ ಇತ್ತು, ತೋರಿಸಿಕೊಳ್ಳಲಿಲ್ಲ. ಅಷ್ಟೇ ಕಥೆ. ವಾರಕ್ಕೆ 3 ಸಲ ದೇವನಹಳ್ಳಿಯಿಂದ ಬೆಂಗಳೂರಿಗೆ, ಪ್ರತಿ ಸಲ 4 ಗಂಟೆ ಡಯಾಲಿಸಿಸ್. ಸೂಜಿ ಚುಚ್ಚಲು ಎಡಗೈಯಲ್ಲಿ ಫಿಸ್ಟುಲಾ, ಅಂದರೆ ಎರಡು ರಕ್ತನಾಳ ಸೇರಿಸಿ ಹೊಲಿದ ಜಾಗ. ಮುಟ್ಟಿದರೆ ಝುಂ ಅನ್ನುತ್ತದೆ. ಆ ಝುಂ ನಿಂತರೆ ಕೆಲಸ ಕೆಟ್ಟಿತು ಅಂತ. ಹಾಗಾಗಿ ಮಲಗುವ ಮುಂಚೆ ಮುಟ್ಟಿ ನೋಡುವುದು ರೂಢಿಯಾಯಿತು. ಪೊಟ್ಯಾಸಿಯಂ ಏರುತ್ತದೆಂದು ಎಳನೀರು, ಬಾಳೆಹಣ್ಣು ಬಂದ್. ತರಕಾರಿಯನ್ನೂ ಬೇಯಿಸಿ, ನೀರು ಬಸಿದು ಚೆಲ್ಲಿ, ಆಮೇಲೆ ಪಲ್ಯ. ರುಚಿಯ ಮಾತು ಬಿಡಿ.

ಮೂತ್ರ ಪೂರ್ತಿ ನಿಂತಿತ್ತು. ಕುಡಿದಿದ್ದೆಲ್ಲ ಮೈಯಲ್ಲೇ. ಒಂದು ಮದುವೆಯಲ್ಲಿ ಸೆಖೆ ತಡೆಯಲಾರದೆ ಪಾನಕ, ಮಜ್ಜಿಗೆ ಎರಡಕ್ಕೂ ಕೈಹಾಕಿದೆ. ಆ ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೊರಗಿ ಕೂತೇ ಬೆಳಗು ಮಾಡಿ ಡಯಾಲಿಸಿಸ್‌ಗೆ ಓಡಿದೆ.

ಅಮ್ಮ ಮೊದಲ ದಿನದಿಂದಲೇ ಕಿಡ್ನಿ ಕೊಡುತ್ತೇನೆ ಅಂದಿದ್ದಳು. ನಾನು ಒಪ್ಪಲಿಲ್ಲ. ಆಸ್ಪತ್ರೆಯ ಮೂಲಕ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾದೆ. ಕರ್ನಾಟಕದಲ್ಲಿ ಮೆದುಳು ನಿಷ್ಕ್ರಿಯರಾದವರ ಅಂಗಾಂಗ ಹಂಚಿಕೆ ನೋಡಿಕೊಳ್ಳುವುದು ಅವರೇ. ಒಂದು ಸಲ ರಾತ್ರಿ 1 ಗಂಟೆಗೆ ಫೋನ್ ಬಂತು. ಹೋದೆವು, ರಕ್ತ ಕೊಟ್ಟೆವು. ಒಂದು ಕಿಡ್ನಿಗೆ ಒಬ್ಬರಿಗಿಂತ ಜಾಸ್ತಿ ಜನರನ್ನು ಕರೆಸುತ್ತಾರೆ, ಹೊಂದದಿದ್ದರೆ ಅಂತ. ಮೊದಲನೆಯವರಿಗೇ ಹೊಂದಿತು. ವಾಪಸ್ ಬರುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಅಮ್ಮ ಅಂದಳು: "ಮನೇಲಿ ಎರಡಿಟ್ಕೊಂಡು ಊರವರ ಬಾಗಿಲು ಕಾಯ್ತೀಯಲ್ಲೋ."

ಇಬ್ಬರದೂ ಓ ಪಾಸಿಟಿವ್. ಹೆತ್ತವರು, ಒಡಹುಟ್ಟಿದವರು, ಗಂಡ, ಹೆಂಡತಿ, ಮಕ್ಕಳು ಕೊಡುವುದಾದರೆ ಕಾನೂನಿನ ದಾರಿ ಸ್ವಲ್ಪ ಸಲೀಸು. ಆದರೂ ಕಾಗದಪತ್ರ ಒಂದು ಚೀಲದಷ್ಟಾಯಿತು. ಯಾರಾದರೂ ಒತ್ತಾಯ ಮಾಡಿದರೇನಮ್ಮಾ ಅಂತ ಕ್ಯಾಮೆರಾ ಎದುರು ಕೇಳಿದರು. "ಇವನನ್ನ ಒಪ್ಪಿಸೋಕೆ ನಾನೇ ಎರಡು ವರ್ಷ ಒತ್ತಾಯ ಮಾಡಿದ್ದೀನಿ ಸ್ವಾಮಿ" ಅಂದಳು.

ಹೊಸ ಕಿಡ್ನಿಯನ್ನು ಹಳೆಯದರ ಜಾಗದಲ್ಲಿ ಇಡುವುದಿಲ್ಲ. ಹಳೆಯ ಎರಡೂ ನನ್ನ ಬೆನ್ನ ಹಿಂದೆ ಸುಮ್ನೆ ಕೂತಿವೆ. ಅಮ್ಮನದು ಕಿಬ್ಬೊಟ್ಟೆಯ ಬಲಗಡೆ ಇದೆ. ಎಚ್ಚರವಾದಾಗ ನರ್ಸ್ ಮೂತ್ರದ ಚೀಲ ಎತ್ತಿ ತೋರಿಸಿದರು. ಎಷ್ಟು ಕಾಲವಾಗಿತ್ತು ಆ ಬಣ್ಣ ನೋಡಿ! ಮೊದಲ ದಿನವೇ 7 ಲೀಟರ್ ದಾಟಿತು. ನೋವು ಅಮ್ಮನಿಗೇ ಜಾಸ್ತಿ. ಕೊಟ್ಟವರಿಗೆ ಹಾಗೇ ಅಂತೆ. ಆರೋಗ್ಯವಾಗಿ ಬಂದು ಹೊಟ್ಟೆ ಕೊಯ್ಸಿಕೊಂಡವರಲ್ವಾ.

ನಾಲ್ಕನೇ ದಿನ ಡಾಕ್ಟರು, ಇನ್ನು ದಿನಕ್ಕೆ 3 ಲೀಟರ್ ಕುಡೀರಿ ಅಂದರು. ನಕ್ಕುಬಿಟ್ಟೆ. ಆದರೆ ಲೋಟ ಬಾಯಿಗಿಟ್ಟರೆ ಗಂಟಲು ಅರ್ಧಕ್ಕೇ ನಿಲ್ಲುತ್ತಿತ್ತು. ಕದ್ದು ಕುಡಿದಂತೆ ಎದೆ ಡವಡವ. ಆ ಹೆದರಿಕೆ ಹೋಗಲು ಎರಡು ತಿಂಗಳು ಬೇಕಾಯಿತು. ಅದೇ ಚೊಂಬನ್ನು ನಾಲ್ಕು ಸಲ ತುಂಬಿಸಿ ಖಾಲಿ ಮಾಡುವುದು ಈಗಿನ ಲೆಕ್ಕ.

ಬೆಳಿಗ್ಗೆ 9, ರಾತ್ರಿ 9ಕ್ಕೆ ಟ್ಯಾಕ್ರೋಲಿಮಸ್. ಬೇರೆಯವರ ಕಿಡ್ನಿ ಅಂತ ಮೈ ತಿರುಗಿ ಬೀಳದಂತೆ ತಡೆಯುವ ಮಾತ್ರೆ. ರಕ್ತದಲ್ಲಿ ಅದರ ಮಟ್ಟ ನೋಡುವ ದಿನ ರಕ್ತ ಕೊಟ್ಟ ಮೇಲೇ ಮಾತ್ರೆ. ಮರೆತು ಮೊದಲೇ ನುಂಗಿದರೆ ಆ ಟೆಸ್ಟ್ ದಂಡ. ನಾನು ಎರಡು ಸಲ ದಂಡ ಮಾಡಿದ್ದೇನೆ. ಕೈ ಸಣ್ಣಗೆ ನಡುಗುತ್ತದೆ, ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲ. ಸ್ಟೀರಾಯ್ಡ್‌ನಿಂದ ಮುಖ ಊದಿ, ನೆಂಟರೆಲ್ಲ ಚೆನ್ನಾಗಿ ತುಂಬಿಕೊಂಡಿದ್ದೀಯ ಅಂದರು.

ಎಡವಿದ್ದು ಐದನೇ ತಿಂಗಳಲ್ಲಿ. ಆಸ್ಪತ್ರೆ ಕೊಟ್ಟ ಇಂಗ್ಲಿಷ್ ಪುಸ್ತಿಕೆಯಲ್ಲಿ ಗ್ರೇಪ್‌ಫ್ರೂಟ್ ತಿನ್ನಬಾರದು ಅಂತಿತ್ತು. ನಾನು ದ್ರಾಕ್ಷಿ ಅಂದುಕೊಂಡೆ. ದ್ರಾಕ್ಷಿ ತೋಟಗಳ ನಡುವೆ ಇದ್ದುಕೊಂಡು ಒಂದು ಕಾಳು ಮುಟ್ಟಲಿಲ್ಲ. ಗಣೇಶನ ಹಬ್ಬ ಬಂತು. ಹಿತ್ತಲ ಮರದ ಚಕ್ಕೋತ ಸುಲಿದು ಮೂರು ದಿನ ತಿಂದೆ. ದೇವನಹಳ್ಳಿಯವನು ಚಕ್ಕೋತ ಬಿಡುತ್ತಾನಾ? ಆ ವಾರ ಕೈ ನಡುಕ ಜೋರಾಯಿತು. ಮಾತ್ರೆಯ ಮಟ್ಟ 8ರ ಹತ್ತಿರ ಇರಬೇಕಾದದ್ದು 19 ಆಗಿತ್ತು. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಅನ್ನುವ ಕಸ 1.1ರಿಂದ 1.7ಕ್ಕೆ ಏರಿತ್ತು.

"ಏನು ತಿಂದ್ರಿ?" ಡಾಕ್ಟರು ಕೇಳಿದರು. ಹೇಳಿದೆ. ಅವರು ಹಣೆ ಚಚ್ಚಿಕೊಂಡರು. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದಂತೆ. ಕರುಳಿನಲ್ಲಿ ಈ ಮಾತ್ರೆಯನ್ನು ಒಡೆಯುವ ಕಿಣ್ವವನ್ನು ಆ ಹಣ್ಣು ತಡೆಯುತ್ತದೆ. ಮಾತ್ರೆ ಒಡೆಯದೆ ಜಾಸ್ತಿ ಜಾಸ್ತಿ ರಕ್ತಕ್ಕೆ ಸೇರುತ್ತದೆ. ಕಿಡ್ನಿ ಕಾಯುವ ಮಾತ್ರೆಯೇ ಅತಿಯಾದರೆ ಕಿಡ್ನಿಗೇ ಏಟು. ಅವರು ಡೋಸ್ ಇಳಿಸಿ, ಮತ್ತೆ ಮತ್ತೆ ರಕ್ತ ನೋಡಿ, ಹತ್ತು ದಿನಕ್ಕೆ 1.2ಕ್ಕೆ ತಂದರು. ಅಷ್ಟು ದಿನ ಅಮ್ಮ ನನ್ನ ಜೊತೆ ಮಾತಾಡಲಿಲ್ಲ.

ದ್ರಾಕ್ಷಿ ಈಗ ಧಾರಾಳವಾಗಿ ತಿನ್ನುತ್ತೇನೆ, ಚೆನ್ನಾಗಿ ತೊಳೆದು. ಈ ವರ್ಷ ಗಣೇಶನ ಮಂಟಪಕ್ಕೆ ಚಕ್ಕೋತ ಕಟ್ಟಿದ್ದೂ ನಾನೇ. ಹಬ್ಬ ಮುಗಿದ ಸಂಜೆ ಅಮ್ಮ ಅದನ್ನು ಬಿಚ್ಚಿ, ನನ್ನ ಕಣ್ಣೆದುರೇ ಪಕ್ಕದ ಮನೆಗೆ ಕೊಟ್ಟು ಬಂದಳು.