ಒಂದೇ ಮೌಲ್ಯ ಲಕ್ಷ ಸಲ ಬರುವ ಕಾಲಂ: ಪೋಸ್ಟ್‌ಗ್ರೆಸ್‌ನಲ್ಲಿ ಇನ್‌ಸರ್ಟ್ ವೇಗ ಹೆಚ್ಚಿಸುವ ಬಗೆ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಆರ್ಡರ್ ಟೇಬಲ್‌ನಲ್ಲಿ ಸಾಲುಗಳು ಕೋಟಿಗಟ್ಟಲೆ. ಸ್ಟೇಟಸ್ ಕಾಲಂನಲ್ಲಿ ಮಾತ್ರ ನಾಲ್ಕೈದೇ ಮೌಲ್ಯ. ಅದರ ಮೇಲಿನ ಬಿ-ಟ್ರೀ ಇಂಡೆಕ್ಸ್‌ನಿಂದ (ಮೌಲ್ಯಗಳನ್ನು ಕ್ರಮವಾಗಿ ಜೋಡಿಸಿಟ್ಟ ಹುಡುಕುಪಟ್ಟಿ) ಇನ್‌ಸರ್ಟ್, ಅಂದರೆ ಹೊಸ ಸಾಲು ಸೇರಿಸುವುದು, ನಿಧಾನವಾಗುತ್ತಿದ್ದರೆ, ಸೆಟ್ಟಿಂಗ್ ಮುಟ್ಟುವ ಮೊದಲು ಆ ಇಂಡೆಕ್ಸ್ ಯಾವ ವರ್ಷನ್‌ನಲ್ಲಿ ಹುಟ್ಟಿದ್ದು ಎಂದು ನೋಡಿ.

ವರ್ಷನ್ 11ರವರೆಗೆ ಒಂದೇ ಕೀಲಿಯ (ಇಂಡೆಕ್ಸ್‌ನಲ್ಲಿರುವ ಕಾಲಂ ಮೌಲ್ಯದ) ಹೊಸ ಎಂಟ್ರಿಗೆ ಗೊತ್ತಾದ ಜಾಗವಿರಲಿಲ್ಲ. ಖಾಲಿ ಜಾಗ ಹುಡುಕುತ್ತ ಇಂಡೆಕ್ಸ್ ಫೈಲಿನ ಒಂದು ಪುಟದಿಂದ (8 ಕೆಬಿ ತುಂಡು) ಇನ್ನೊಂದು ಪುಟಕ್ಕೆ ಬಲಗಡೆ ಸರಿಯಬೇಕಿತ್ತು. 2019ರ 12ರಲ್ಲಿ ಸಾಲಿನ ವಿಳಾಸವೇ (ಟಿಐಡಿ) ಕೀಲಿಯ ಬಾಲವಾಯಿತು. ಪ್ರತಿ ಎಂಟ್ರಿಗೂ ನಿಶ್ಚಿತ ಸ್ಥಾನ ಸಿಕ್ಕಿತು. 2020ರ 13ರಲ್ಲಿ ಡಿಡುಪ್ಲಿಕೇಷನ್ ಬಂತು: ಕೀಲಿ ಒಮ್ಮೆ ಮಾತ್ರ, ಅದರ ಹಿಂದೆ ಟಿಐಡಿಗಳ ಪಟ್ಟಿ. ಇಂಡೆಕ್ಸ್ ಕುಗ್ಗುತ್ತದೆ, ತುಂಬಿದ ಪುಟ ಎರಡಾಗಿ ಒಡೆಯುವುದೂ ಕಡಿಮೆಯಾಗುತ್ತದೆ.

ಹಲವರು ಎಡವುವುದು ಇಲ್ಲೇ. ಹೊಸ ವರ್ಷನ್‌ಗೆ ಏರಿಸುವ ಪಿಜಿ_ಅಪ್‌ಗ್ರೇಡ್ ಹಳೆಯ ಇಂಡೆಕ್ಸ್ ಫೈಲನ್ನು ಇದ್ದಂತೆಯೇ ತರುತ್ತದೆ; ಸರ್ವರ್ ಹೊಸದಾದರೂ ಇಂಡೆಕ್ಸ್ ಹಳೆಯ ನಮೂನೆಯದೇ. ಪುಟಗಳ ಒಳಗನ್ನು ತೋರಿಸುವ ಪೇಜ್‌ಇನ್‌ಸ್ಪೆಕ್ಟ್ ಎಕ್ಸ್‌ಟೆನ್ಷನ್‌ನ ಬಿಟಿ_ಮೆಟಾಪಿ ಓಡಿಸಿ 'ಆಲ್‌ಈಕ್ವಲ್‌ಇಮೇಜ್' ನೋಡಿ. ಫಾಲ್ಸ್ ಇದ್ದರೆ ಡಿಡುಪ್ಲಿಕೇಷನ್ ನಡೆಯುತ್ತಿಲ್ಲ. ಬರಹ ನಿಲ್ಲಿಸದೆ ಇಂಡೆಕ್ಸನ್ನು ಹೊಸದಾಗಿ ಕಟ್ಟಲು 'ರೀಇಂಡೆಕ್ಸ್ ಇಂಡೆಕ್ಸ್ ಕನ್‌ಕರೆಂಟ್ಲಿ' ಕೊಡಿ. ಹೊಸ ಇಂಡೆಕ್ಸ್‌ಗೆ ಬೇಕಾಗುವಷ್ಟು ಡಿಸ್ಕ್ ಖಾಲಿ ಇರಲಿ. ನಡುವೆ ಕೆಟ್ಟರೆ '_ಸಿಸಿನ್ಯೂ' ಬಾಲದ ಅಮಾನ್ಯ ಇಂಡೆಕ್ಸ್ ಉಳಿದುಬಿಡಬಹುದು. ಕ್ವೆರಿಗೆ ಒದಗದಿದ್ದರೂ ಅದು ಇನ್‌ಸರ್ಟ್‌ಗೆ ಹೊರೆಯಾಗಬಲ್ಲದು, ಆದ್ದರಿಂದ ಡ್ರಾಪ್ ಮಾಡಿ.

ರೀಇಂಡೆಕ್ಸ್ ಆದಮೇಲೂ ಫಾಲ್ಸ್ ಬಂದರೆ ಕಾಲಂ ಟೈಪ್ ನೋಡಿ. ನ್ಯೂಮರಿಕ್, ಫ್ಲೋಟ್, ಜೆಸನ್‌ಬಿ ಕಾಲಂಗಳಿಗೆ ಈ ಸೌಲಭ್ಯವಿಲ್ಲ. ನ್ಯೂಮರಿಕ್‌ನಲ್ಲಿ 5 ಮತ್ತು 5.00 ಸಮವಾದರೂ ಬರೆದಿಟ್ಟ ರೂಪ ಬೇರೆ. ಇನ್‌ಕ್ಲೂಡ್ ಬಳಸಿ ಹೆಚ್ಚುವರಿ ಕಾಲಂ ಸೇರಿಸಿದ ಇಂಡೆಕ್ಸ್‌ಗೂ ಇಲ್ಲ. ಪೂರ್ಣಾಂಕದ ಐಡಿಯನ್ನು ನ್ಯೂಮರಿಕ್‌ನಲ್ಲಿ ಇಟ್ಟಿದ್ದರೆ ಬಿಗ್‌ಇಂಟ್‌ಗೆ ಬದಲಿಸಿ. ಆ ಬದಲಾವಣೆ ಇಡೀ ಟೇಬಲ್ಲನ್ನು ಲಾಕ್ ಮಾಡಿ ಮತ್ತೆ ಬರೆಯುತ್ತದೆ, ರಾತ್ರಿ ಹೊತ್ತಿಗೆ ಇಟ್ಟುಕೊಳ್ಳಿ.

ನಲ್ (ಮೌಲ್ಯವೇ ಇಲ್ಲದ್ದು) ಕೂಡ ಇಂಡೆಕ್ಸ್‌ಗೆ ಸೇರುತ್ತದೆ. ಬಹುಪಾಲು ಸಾಲು ನಲ್ ಆಗಿದ್ದು, ಯಾರೂ ನಲ್ ಹುಡುಕದಿದ್ದರೆ 'ವೇರ್ ... ಈಸ್ ನಾಟ್ ನಲ್' ಎಂಬ ಪಾರ್ಷಿಯಲ್ ಇಂಡೆಕ್ಸ್ (ಷರತ್ತಿಗೆ ಹೊಂದುವ ಸಾಲುಗಳದ್ದು ಮಾತ್ರ) ಕಟ್ಟಿ. ನಲ್ ಸಾಲುಗಳ ಇನ್‌ಸರ್ಟ್ ಆ ಇಂಡೆಕ್ಸ್‌ಗೆ ಏನನ್ನೂ ಬರೆಯುವುದಿಲ್ಲ. ನಮ್ಮ ಮಟ್ಟಿಗೆ ಇದಕ್ಕಿಂತ ಅಗ್ಗದ ಉಪಾಯ ಬೇರೆ ಇಲ್ಲ.

ಫಿಲ್‌ಫ್ಯಾಕ್ಟರ್ (ಪುಟವನ್ನು ಶೇಕಡಾ ಎಷ್ಟು ತುಂಬಬೇಕೆಂಬ ಸೆಟ್ಟಿಂಗ್) ಇಳಿಸುವ ಗೋಜಿಗೆ ಹೋಗಬೇಡಿ. ಒಂದೇ ಮೌಲ್ಯ ತುಂಬಿದ ಪುಟ ಒಡೆಯುವಾಗ ಪೋಸ್ಟ್‌ಗ್ರೆಸ್ ತಾನೇ ಎಡಪುಟವನ್ನು ಶೇ. 96ರಷ್ಟು ತುಂಬಿಡುತ್ತದೆ, ನೀವು ಕೊಟ್ಟ ಅಂಕಿ ಅಲ್ಲಿ ಲೆಕ್ಕಕ್ಕಿಲ್ಲ.

ಖಾಲಿ ಟೇಬಲ್‌ಗೆ ಒಮ್ಮೆಲೇ ಡೇಟಾ ಸುರಿಯುವುದಾದರೆ ಮೊದಲು ಕಾಪಿ (ರಾಶಿ ಡೇಟಾ ತುಂಬುವ ಆಜ್ಞೆ), ಆಮೇಲೆ ಇಂಡೆಕ್ಸ್. ಇಂಡೆಕ್ಸ್ ಕಟ್ಟುವ ಸೆಷನ್‌ನಲ್ಲಿ ಆ ಕೆಲಸದ ಮೆಮೊರಿ ಮಿತಿಯಾದ ಮೇಂಟೆನೆನ್ಸ್_ವರ್ಕ್_ಮೆಮ್ಮನ್ನು 64 ಎಂಬಿಯಿಂದ 1 ಜಿಬಿಗೆ ಏರಿಸಿ. ಪ್ರತಿ ಚೆಕ್‌ಪಾಯಿಂಟ್ (ಬದಲಾದ ಪುಟಗಳನ್ನು ಡಿಸ್ಕ್‌ಗೆ ಇಳಿಸುವ ಹಂತ) ನಂತರ ಮೊದಲ ಸಲ ಮುಟ್ಟಿದ 8 ಕೆಬಿ ಪುಟ ಇಡಿಯಾಗಿ ವಾಲ್‌ಗೆ (ಬದಲಾವಣೆಗಳ ದಾಖಲೆ ಲಾಗ್) ಹೋಗುವುದರಿಂದ, ಚೆಕ್‌ಪಾಯಿಂಟ್ ಪದೇಪದೇ ಬಾರದಂತೆ ಮ್ಯಾಕ್ಸ್_ವಾಲ್_ಸೈಜನ್ನೂ 1 ಜಿಬಿಗೆ ಬಿಡದೆ ಡಿಸ್ಕ್ ನೋಡಿ 8 ಅಥವಾ 16 ಜಿಬಿ ಮಾಡಿ.