ಡ್ರೆಸ್ಡೆನ್‌ನಲ್ಲಿ ಬಡಿದ ರೊಟ್ಟಿ

ವಿಜಯಪುರದ ಮನೆಯಲ್ಲಿದ್ದಷ್ಟು ದಿನ ನಾನು ಹಿಟ್ಟಿಗೆ ಕೈ ಹಾಕಿದವನಲ್ಲ. ಅವ್ವ ಬಡಿಯುತ್ತಿದ್ದಳು, ನಾನು ತಿನ್ನುತ್ತಿದ್ದೆ. 2024ರ ಅಕ್ಟೋಬರಿನಲ್ಲಿ ಒಂದು ಸೆಮಿಸ್ಟರ್ ಓದಲು ಜರ್ಮನಿಯ ಡ್ರೆಸ್ಡೆನ್‌ಗೆ ಹೊರಟಾಗ ಅವಳು ಐವತ್ತು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಐದು ಕಿಲೋ ಜೋಳದ ಹಿಟ್ಟು ಕಟ್ಟಿಕೊಟ್ಟಳು. ಅಲ್ಲಿಗೆ ಮುಟ್ಟುವಷ್ಟರಲ್ಲಿ ರೊಟ್ಟಿ ಚೂರುಚೂರು. ಮೊದಲ ವಾರ ಆ ಚೂರಿಗೇ ಮೊಸರು, ಹಿಂಡಿ ಕಲಸಿಕೊಂಡು ತಿಂದೆ.

ಕಾಗದಪತ್ರದ ಓಡಾಟ ಹೇಳುತ್ತ ಕೂತರೆ ಮುಗಿಯುವುದಿಲ್ಲ. ವೀಸಾಕ್ಕೆ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಖರ್ಚಿನ ಹಣವನ್ನು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ತೆಗೆಯಲು ಬಿಡುವ ಖಾತೆಯಲ್ಲಿ, ಮೊದಲೇ ಇಟ್ಟು ತೋರಿಸಬೇಕಿತ್ತು; ಅಪ್ಪ ಸಾಲ ಮಾಡಿದರು. ಮನೆ ಹೊಕ್ಕ ಎರಡು ವಾರದೊಳಗೆ ಅಲ್ಲಿಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಮುಂದೆ ಹೋಗುವವರು ಇವೆರಡನ್ನು ಮರೆಯಬೇಡಿ, ಉಳಿದದ್ದು ಹೇಗೋ ನಡೆಯುತ್ತದೆ.

ಮೊದಲ ಲೆಕ್ಚರ್ ಮುಗಿದ ಕೂಡಲೇ ಇಡೀ ಹಾಲ್ ಬೆರಳ ಗೆಣ್ಣಿನಿಂದ ಡೆಸ್ಕ್ ಕುಟ್ಟತೊಡಗಿತು. ನನ್ನ ಎದೆ ಧಸಕ್ಕೆಂದಿತು. ನಮ್ಮಲ್ಲಿ ಬೆಂಚು ಬಡಿದರೆ ಒಂದೋ ಗಲಾಟೆ, ಇಲ್ಲವೇ ಸ್ಟ್ರೈಕ್. ಪ್ರೊಫೆಸರ್ ಮಾತ್ರ ನಗುತ್ತ ಲ್ಯಾಪ್‌ಟಾಪ್ ಮುಚ್ಚಿಕೊಂಡು ಹೋದರು. ಪಕ್ಕದ ಹುಡುಗಿ ಹೇಳಿದಳು, ಇಲ್ಲಿ ಇದೇ ಚಪ್ಪಾಳೆಯಂತೆ.

ಭಾನುವಾರ ಅಂಗಡಿಗಳೆಲ್ಲ ಬಂದ್. ಹಾಗಾಗಿ ಅವತ್ತೇ ನನ್ನ ರೊಟ್ಟಿ ಪಾಠ. ನಮ್ಮ ಕಡೆ ಮಧ್ಯಾಹ್ನ ಒಂದಕ್ಕೆ ಅವ್ವ ವಿಡಿಯೋ ಕಾಲ್ ಮಾಡುತ್ತಿದ್ದಳು, ಅಲ್ಲಿ ಬೆಳಿಗ್ಗೆ ಒಂಬತ್ತೂವರೆ. ಮೊದಲ ರೊಟ್ಟಿ ಅಂಗೈ ಅಗಲ ಆಗುವುದರೊಳಗೆ ಅಂಚು ಸೀಳಿತು.

“ಎಸರು ಮಳ್ಳಿತ್ತೇನು?”

“ಬಿಸಿ ಆಗಿತ್ತವ್ವಾ.”

“ಬಿಸಿ ಆದ್ರ ಸಾಲೂದಿಲ್ಲೋ, ಮಳ್ಳಬೇಕು. ಇಲ್ಲಂದ್ರ ಹಿಟ್ಟಿಗೆ ಜಿಗಿ ಎಲ್ಲಿಂದ ಬರಬೇಕು?”

ಕರೆಂಟಿನ ಒಲೆ, ಉರಿ ಕಾಣದು, ರೊಟ್ಟಿ ಉಬ್ಬದು. ಬಟ್ಟೆ ಮಡಚಿ ಅಂಚನ್ನು ಸುತ್ತಲೂ ಒತ್ತುತ್ತ ಹೋದರೆ ನಡು ಉಬ್ಬುತ್ತದೆ ಅನ್ನುವುದು ಮೂರನೇ ವಾರಕ್ಕೆ ತಿಳಿಯಿತು. ಅಕ್ಟೋಬರ್ 27ರಂದು ಫೋನ್ ಬಂದಾಗ ನಾನಿನ್ನೂ ಹಾಸಿಗೆಯಲ್ಲಿದ್ದೆ, ಗಂಟೆ ಎಂಟೂವರೆ. ಚಳಿಗಾಲಕ್ಕೆಂದು ರಾತ್ರಿ ಅಲ್ಲಿ ಗಡಿಯಾರ ಒಂದು ತಾಸು ಹಿಂದೆ ಸರಿದಿತ್ತು. “ತಾಸನ್ನೂ ಹಿಂದ ತಿರುಗಸ್ತಾರೇನ್ ಅಲ್ಲಿ?” ಅಂದಳು ಅವ್ವ.

ಭಾನುವಾರ ಸದ್ದು ಮಾಡಬಾರದೆಂಬ ನಿಯಮ ನನ್ನ ತಲೆಯಲ್ಲಿರಲಿಲ್ಲ. ಒಮ್ಮೆ ಕೆಳಗಿನ ಮನೆಯ ಅಜ್ಜ ಹತ್ತಿ ಬಂದು, ಏನು ಬಡಿಯುತ್ತಿದ್ದೀ ಎಂದ. ತಟ್ಟೆಯಲ್ಲಿದ್ದದ್ದನ್ನು ತೋರಿಸಿ, ಹಿಂಡಿ ಹಾಕಿ ಕೊಟ್ಟೆ. ನಿಂತಲ್ಲೇ ತಿಂದು, ಉಪ್ಪು ಹಾಕುವುದಿಲ್ಲವೇ ಎಂದು ಕೇಳಿ ಇಳಿದುಹೋದ. ಮರುವಾರದಿಂದ ಮಣೆ ಕೆಳಗೆ ಟವೆಲ್ ಹಾಸಿದೆ.

ಊರು ನೋಡಿದ್ದೂ ಉಂಟು. ಅಲ್ಲಿಯ ಕ್ರಿಸ್‌ಮಸ್ ಸಂತೆ 1434ರಿಂದ ನಡೆದು ಬಂದದ್ದು, ಅಂದರೆ ನಮ್ಮ ಆದಿಲ್‌ಶಾಹಿಗಳು ಬರುವುದಕ್ಕೂ ಮುಂಚಿನದು. ಫ್ರೌಯೆನ್‌ಕಿರ್ಖೆ ಚರ್ಚಿನ ಎದುರು ಮಾತ್ರ ನಾನು ಬಹಳ ಹೊತ್ತು ನಿಲ್ಲುತ್ತಿದ್ದೆ. 1945ರ ಬಾಂಬ್ ದಾಳಿಯಲ್ಲಿ ಕುಸಿದದ್ದನ್ನು ಮತ್ತೆ ಕಟ್ಟಿ 2005ರಲ್ಲಿ ತೆರೆದರು. ಹೊಸ ಕಲ್ಲು ತಿಳಿಹಳದಿ, ನಡುನಡುವೆ ಹಳೆಯ ಕಲ್ಲು ಕಪ್ಪಗೆ. ಒಳಗೆ ಹೋಗಿ ಗುಮ್ಮಟ ನೋಡಿದೊಡನೆ ಕೂಗಬೇಕೆನಿಸಿತು. ಗೋಳಗುಮ್ಮಟದ ಊರಿನವರ ಚಟ, ತಡೆದುಕೊಂಡೆ.

ಫೆಬ್ರವರಿ ಪರೀಕ್ಷೆಯಲ್ಲಿ ಒಂದು ವಿಷಯಕ್ಕೆ 1.7 ಬಂತು ಎಂದಾಗ ಅಪ್ಪ ಫೋನಿನಲ್ಲಿ ಸುಮ್ಮನಾದರು. “ಹತ್ತಕ್ಕೇನೋ?” ಅಲ್ಲಿ 1.0 ಅಂದರೆ ಎಲ್ಲಕ್ಕಿಂತ ಮೇಲು, 4.0 ದಾಟಿದರೆ ನಪಾಸು ಎಂದು ಬಿಡಿಸಿ ಹೇಳಿದೆ. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ಮಾರ್ಚಿನಲ್ಲಿ ಹೊರಡುವ ಹಿಂದಿನ ರಾತ್ರಿ ಉಳಿದ ಹಿಟ್ಟೆಲ್ಲ ಬಡಿದೆ, ಹದಿನಾಲ್ಕು ರೊಟ್ಟಿ. ಅಡುಗೆಮನೆ ಹಂಚಿಕೊಂಡಿದ್ದ ಐವರೂ ತಿಂದು ಮೇಜು ಕುಟ್ಟಿದರು.

ಊರಿಗೆ ಬಂದು ಕಾಲೇಜಿಗೆ ಹೋದ ಮೊದಲ ದಿನ, ಪಾಠ ಮುಗಿಯುತ್ತಲೇ ನನ್ನ ಕೈ ತಾನಾಗಿ ಬೆಂಚಿಗೆ ಹೋಯಿತು, ಟಕಟಕ. ಬೋರ್ಡ್ ಒರೆಸುತ್ತಿದ್ದ ಸರ್ ಗಕ್ಕನೆ ತಿರುಗಿದರು.

“ಯಾಂವಲೇ ಅಂವಾ?”